ದುಬೈಯಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಸಾಕಾ?

ಪ್ರಶ್ನೆ: ನಾನು ಶಿಡ್ಲಘಟ್ಟದವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನನಗೆ 66, ನನ್ನ ಹೆಂಡತಿಗೆ 61. ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ, ಫೆಬ್ರವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ಜನವರಿ ಕೊನೆಗೆ ಹೊರಡಬೇಕು. ಇಬ್ಬರಿಗೂ ಅಮೆರಿಕ ವೀಸಾ ಆಗಿದೆ. ಅಳಿಯಂದಿರು ಬೆಂಗಳೂರಿನಿಂದ ದುಬೈಗೆ ಒಂದು ಕಂಪನಿಯ ಟಿಕೆಟ್, ದುಬೈಯಿಂದ ನ್ಯೂಯಾರ್ಕ್‌ಗೆ ಇನ್ನೊಂದು ಕಂಪನಿಯ ಟಿಕೆಟ್ ಹುಡುಕಿದ್ದಾರೆ. ರಾತ್ರಿ 11:10ಕ್ಕೆ ಟರ್ಮಿನಲ್ 1ರಲ್ಲಿ ಇಳಿಯುತ್ತೇವೆ. ಟರ್ಮಿನಲ್ 3ರಿಂದ 2:30ಕ್ಕೆ ಮುಂದಿನ ವಿಮಾನ. ಹೀಗೆ ಮಾಡಿದರೆ ಇಬ್ಬರಿಗೂ ಸೇರಿ ಹೋಗಿ ಬರಲು 46 ಸಾವಿರ ಉಳಿಯುತ್ತದೆ. 3 ಗಂಟೆ 20 ನಿಮಿಷ ಸಾಕಲ್ವಾ? ಇನ್ನೂ ದುಡ್ಡು ಕಟ್ಟಿಲ್ಲ.

ಉತ್ತರ: ಸಾಕಾಗಲ್ಲ ಮೇಷ್ಟ್ರೇ. ಮೊದಲು ಅಳಿಯಂದಿರಿಗೆ ಫೋನ್ ಮಾಡಿ ದುಡ್ಡು ಕಟ್ಟಬೇಡಿ ಅಂತ ಹೇಳಿಬಿಡಿ. ಯಾಕೆ ಅನ್ನುವುದನ್ನು ಆಮೇಲೆ ನಿಧಾನವಾಗಿ ಓದಿ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ 2008ರಲ್ಲೇ ನಾನು ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಟಿಕೆಟ್ ಆಫೀಸು ತೆಗೆದೆ. ಮೊದಮೊದಲು ವರ್ಷಕ್ಕೆ ಒಬ್ಬರೋ ಇಬ್ಬರೋ ಅಪ್ಪ ಅಮ್ಮ ಬಾಣಂತನಕ್ಕೆ ಅಂತ ಹೊರದೇಶಕ್ಕೆ ಹೋಗುತ್ತಿದ್ದರು. ಈಗ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಎಲ್ಲ ಕಡೆಯಿಂದ ಬರುತ್ತಾರೆ. ಬಹಳ ಜನ ಮಕ್ಕಳು ಫೋನ್‌ನಲ್ಲಿ ಕಳಿಸಿದ ಟಿಕೆಟ್ ಹಿಡಿದು ‘ಇದು ಸರಿ ಇದೆಯಾ ನೋಡಿ’ ಅನ್ನುತ್ತಾರೆ. ಅಂಥ ಟಿಕೆಟ್‌ಗಳಲ್ಲಿ ನನಗೆ ಭಯ ಹುಟ್ಟಿಸುವುದು ಇದೇ ತರಹದ್ದು. ಎರಡು ಕಂಪನಿ, ಎರಡು ಟಿಕೆಟ್, ಮಧ್ಯೆ ಮೂರು ಗಂಟೆ.

ಒಂದೇ ಟಿಕೆಟ್‌ನಲ್ಲಿ ಬೆಂಗಳೂರು–ದುಬೈ–ನ್ಯೂಯಾರ್ಕ್ ತೆಗೆದುಕೊಂಡರೆ ನಿಮ್ಮನ್ನು ನ್ಯೂಯಾರ್ಕ್ ಮುಟ್ಟಿಸುವುದು ಟಿಕೆಟ್ ಕೊಟ್ಟವರ ಹೊಣೆ. ಮೊದಲ ವಿಮಾನ ಲೇಟಾಗಿ ಎರಡನೆಯದು ತಪ್ಪಿದರೆ ಅವರೇ ಮುಂದಿನ ವಿಮಾನದಲ್ಲಿ ಸೀಟು ಕೊಡಬೇಕು. ಎರಡು ಟಿಕೆಟ್ ತೆಗೆದುಕೊಂಡರೆ ಮೊದಲನೆಯವರ ಕೆಲಸ ದುಬೈಗೆ ಮುಗಿಯಿತು, ಎರಡನೆಯವರ ಕೆಲಸ ದುಬೈಯಿಂದ ಶುರು. ಚಿಂತಾಮಣಿಯಿಂದ ಬಂದ ಬಸ್ಸು ಲೇಟಾಯಿತು ಅಂತ ಮೆಜೆಸ್ಟಿಕ್‌ನಲ್ಲಿ ಧರ್ಮಸ್ಥಳದ ಬಸ್ಸು ನಿಮಗಾಗಿ ಕಾಯುತ್ತಾ? ಇದೂ ಹಾಗೆಯೇ. ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ದುಬೈ ಊರೊಳಗಿಂದ ಬರಬೇಕಾಗಿದ್ದವರು, ಬರಲಿಲ್ಲ. ಅಷ್ಟೇ.

ಬರದಿದ್ದವರನ್ನು ಅವರು ನೋ-ಶೋ ಅನ್ನುತ್ತಾರೆ. ಇದರ ಪೆಟ್ಟು ಆ ಒಂದು ವಿಮಾನಕ್ಕೆ ಮುಗಿಯುವುದಿಲ್ಲ. ಟಿಕೆಟ್‌ನ ಮೊದಲ ಪ್ರಯಾಣಕ್ಕೆ ಹಾಜರಾಗದಿದ್ದರೆ ಸಾಮಾನ್ಯವಾಗಿ ಅದೇ ಟಿಕೆಟ್‌ನಲ್ಲಿರುವ ವಾಪಸ್ ಪ್ರಯಾಣವೂ ರದ್ದಾಗುತ್ತದೆ. ನೀವು ಜನವರಿಯಲ್ಲಿ ಐದು ನಿಮಿಷ ತಡವಾಗಿ ಹೋದರೆ ಜುಲೈನಲ್ಲಿ ಬರಬೇಕಾದ ಸೀಟೂ ಹೋಯಿತು ಅಂತ ಅರ್ಥ. ಆ ರಾತ್ರಿ ಕೌಂಟರ್‌ನಲ್ಲಿ ನಿಂತು ಹೊಸ ಟಿಕೆಟ್ ಕೊಂಡರೆ 46 ಸಾವಿರದ ಹಲವು ಪಟ್ಟು ಕೈಬಿಟ್ಟು ಹೋಗುತ್ತದೆ.

ಈಗ ಆ 3 ಗಂಟೆ 20 ನಿಮಿಷವನ್ನೇ ಬಿಚ್ಚಿ ನೋಡೋಣ. ಎರಡನೆಯ ವಿಮಾನ 2:30ಕ್ಕೆ ಹೊರಟರೂ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಹಾಗಾಗಿ ನೀವು ಮುಟ್ಟಬೇಕಾದ ಹೊತ್ತು 1:30. ಕೈಯಲ್ಲಿರುವುದು 2 ಗಂಟೆ 20 ನಿಮಿಷ. 11:10ಕ್ಕೆ ಸರಿಯಾಗಿ ಬಂದರೂ ವಿಮಾನದಿಂದ ಹೊರಬರುವಾಗ 11:30. ನಿಮ್ಮ ಮೊದಲ ಟಿಕೆಟ್ ದುಬೈಗೆ ಮುಗಿಯುವುದರಿಂದ ಲಗೇಜ್ ಅಲ್ಲೇ ಇಳಿಯುತ್ತದೆ. ಅದನ್ನು ಎತ್ತಿಕೊಳ್ಳಬೇಕಾದರೆ ಆ ದೇಶದ ಒಳಗೆ ಹೋಗಬೇಕು. ಒಳಗೆ ಹೋಗಲು ವೀಸಾ ಬೇಕು. ವೀಸಾ ಕೌಂಟರ್ ಮುಗಿಸಿದಾಗ 12:10. ಇಮಿಗ್ರೇಷನ್ ಸಾಲು ದಾಟಿದಾಗ 12:35. ನಿಮ್ಮ ಪೆಟ್ಟಿಗೆಗಳು ಬೆಲ್ಟ್ ಮೇಲೆ ಸುತ್ತುತ್ತಿದ್ದರೆ ಪುಣ್ಯ. ಎಲ್ಲವನ್ನೂ ಟ್ರಾಲಿಗೆ ಹೇರಿ, ಕಸ್ಟಮ್ಸ್ ದಾಟಿ ಹೊರಗೆ ಬಂದಾಗ 1 ಗಂಟೆ. ಅಲ್ಲಿಂದ ಟರ್ಮಿನಲ್ 3ಕ್ಕೆ ಹೋಗಬೇಕು. ಆ ಹೊತ್ತಿನಲ್ಲಿ ಮೆಟ್ರೊ ನಂಬಿಕೊಳ್ಳಬೇಡಿ, ಟ್ಯಾಕ್ಸಿಯೇ ಗತಿ. ಟ್ಯಾಕ್ಸಿ ಹತ್ತಿ, ಇಳಿದು, ಸರಿಯಾದ ಕೌಂಟರ್ ಹುಡುಕಿ ಸಾಲಿನಲ್ಲಿ ನಿಂತಾಗ 1:25. ಎಲ್ಲವೂ ಸಲೀಸಾಗಿ ನಡೆದರೂ ನಿಮಗೆ ಉಳಿದದ್ದು ಐದು ನಿಮಿಷ. ಬೆಂಗಳೂರಿನಲ್ಲೇ ವಿಮಾನ ಅರ್ಧ ಗಂಟೆ ತಡವಾಗಿ ಎದ್ದಿದ್ದರೆ ಎಲ್ಲ ಮುಗಿದಂತೆ.

ಅದೂ ಜನವರಿ. ನಂದಿ ಬೆಟ್ಟದ ಕೆಳಗೆ ಬದುಕುವ ನಮಗೆ ಮಂಜಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಏಳಕ್ಕೆ ಹೆದ್ದಾರಿಯಲ್ಲಿ ಮುಂದಿನ ಲಾರಿ ಕಾಣದ ದಿನ ದೇವನಹಳ್ಳಿಯ ರನ್‌ವೇಯೂ ಹಾಗೇ ಇರುತ್ತದೆ. ‘ನಮ್ಮದು ರಾತ್ರಿ ವಿಮಾನ ಅಲ್ವಾ’ ಅನ್ನಬಹುದು. ಒಂದೇ ವಿಮಾನ ದಿನಕ್ಕೆ ನಾಲ್ಕೈದು ಊರು ಸುತ್ತುತ್ತದೆ. ಬೆಳಿಗ್ಗೆ ಡೆಲ್ಲಿಯ ಮಂಜಿನಲ್ಲಿ ಸಿಕ್ಕಿಕೊಂಡದ್ದೇ ರಾತ್ರಿ ನಿಮ್ಮನ್ನು ದುಬೈಗೆ ಕರೆದೊಯ್ಯುವ ವಿಮಾನ ಆಗಿರಬಹುದು. ತಡ ಅನ್ನುವುದು ಹೀಗೆ ಒಂದು ಊರಿನಿಂದ ಇನ್ನೊಂದಕ್ಕೆ ಬೆಳೆಯುತ್ತಾ ಬರುತ್ತದೆ.

ಅಳಿಯಂದಿರು ಕೇಳಬಹುದು, ‘ಅದೇ ದುಬೈಯಲ್ಲಿ ಒಂದೂವರೆ ಗಂಟೆಯ ಕನೆಕ್ಷನ್ ಇರುವ ಟಿಕೆಟ್ ಮಾರುತ್ತಾರಲ್ಲ?’ ಅಂತ. ಮಾರುತ್ತಾರೆ. ಇಷ್ಟು ಹೊತ್ತಿನಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗಬಹುದು ಅಂತ ಪ್ರತಿ ನಿಲ್ದಾಣಕ್ಕೂ ಒಂದು ಕನಿಷ್ಠ ಲೆಕ್ಕ ಇರುತ್ತದೆ. ಆದರೆ ಆ ಲೆಕ್ಕ ಒಂದೇ ಟಿಕೆಟ್‌ನವರಿಗೆ. ಅವರ ಲಗೇಜ್ ಒಳಗೊಳಗೇ ಮುಂದಿನ ವಿಮಾನಕ್ಕೆ ಹೋಗುತ್ತದೆ, ಅವರು ಇಮಿಗ್ರೇಷನ್ ದಾಟುವುದೇ ಇಲ್ಲ, ಎರಡನೆಯ ಬೋರ್ಡಿಂಗ್ ಪಾಸ್ ಬೆಂಗಳೂರಿನಲ್ಲೇ ಕೈಗೆ ಬಂದಿರುತ್ತದೆ.

ನನಗೇ ಒಮ್ಮೆ ಹೀಗಾಗಿದೆ. ತಮ್ಮನ ಮನೆಗೆ ಅಂತ ಅಮ್ಮನನ್ನು ಕರೆದುಕೊಂಡು ಹೊರಟಿದ್ದೆ. ಪೂರ್ವದ ಕಡೆಯ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು, ಎರಡೂ ಬೇರೆ ಬೇರೆ ಟಿಕೆಟ್. ಮೊದಲ ವಿಮಾನ ನಲವತ್ತು ನಿಮಿಷ ತಡ. ಟ್ರಾಲಿ ತಳ್ಳಿಕೊಂಡು ಕೌಂಟರ್ ಮುಂದೆ ನಿಂತಾಗ ಅಲ್ಲಿದ್ದ ಹುಡುಗಿ ತಲೆ ಎತ್ತಿ ನೋಡಿ, ಪಕ್ಕದಲ್ಲಿದ್ದ ಸಣ್ಣ ಬೋರ್ಡನ್ನು ನಮ್ಮ ಕಡೆ ತಿರುಗಿಸಿದಳು. ಕೌಂಟರ್ ಮುಚ್ಚಿ ಏಳು ನಿಮಿಷ ಆಗಿತ್ತು. ಗಾಜಿನ ಆಚೆ ವಿಮಾನ ನಿಂತಿರುವುದು ಕಾಣುತ್ತಿತ್ತು. ‘ಅದು ಇನ್ನೂ ಇಲ್ಲೇ ನಿಂತಿದೆಯಲ್ಲೋ, ಯಾಕೆ ಬಿಡ್ತಿಲ್ಲ?’ ಅಂತ ಅಮ್ಮ ಕೇಳುತ್ತಲೇ ಇದ್ದಳು. ಆ ರಾತ್ರಿ ಬೆಂಚಿನ ಮೇಲೆ ಅವಳ ಕಾಲು ಊದಿಕೊಂಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಮ್ಮ ಕೇಳಿದ್ದಕ್ಕೆ ಉತ್ತರ ಇದೆ. ಕೌಂಟರ್ ಮುಚ್ಚಿದ ಮೇಲೆ ಎಷ್ಟು ಜನ, ಎಷ್ಟು ಲಗೇಜ್ ಅಂತ ಪಟ್ಟಿ ಅಂತಿಮವಾಗುತ್ತದೆ. ಆ ತೂಕ ನೋಡಿಯೇ ವಿಮಾನದ ಹೊಟ್ಟೆಯಲ್ಲಿ ಎಲ್ಲಿ ಎಷ್ಟು ಸಾಮಾನು ಇಡಬೇಕು ಅಂತ ಲೆಕ್ಕ ಹಾಕುತ್ತಾರೆ. ಅಮೆರಿಕದಂಥ ದೇಶಗಳಿಗೆ ಪ್ರಯಾಣಿಕರ ಹೆಸರು, ಪಾಸ್‌ಪೋರ್ಟ್ ವಿವರವನ್ನು ವಿಮಾನ ಹೊರಡುವ ಮುಂಚೆಯೇ ಕಳಿಸಬೇಕು. ಲಗೇಜ್ ತಪಾಸಣೆಗೆ ಹೋಗಿ ವಿಮಾನದ ತನಕ ಮುಟ್ಟಲೂ ಹೊತ್ತು ಬೇಕು. ಅದಕ್ಕೇ ಕೈ ಮುಗಿದರೂ, ವಯಸ್ಸಾದವರು ಅಂದರೂ, ಬಿಡುವುದಿಲ್ಲ. ಕೌಂಟರಿನವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ವೀಸಾ ವಿಷಯದಲ್ಲಿ ನಿಮ್ಮದು ಅದೃಷ್ಟ. ಅಮೆರಿಕ ವೀಸಾ ಇರುವ ಭಾರತೀಯರಿಗೆ ದುಬೈಯಲ್ಲಿ ಇಳಿದ ಮೇಲೆ 14 ದಿನದ ವೀಸಾ ಸಿಗುತ್ತದೆ. ಪಾಸ್‌ಪೋರ್ಟ್‌ಗೂ ಅಮೆರಿಕ ವೀಸಾಕ್ಕೂ ಇನ್ನೂ ಆರು ತಿಂಗಳು ಅವಧಿ ಇರಬೇಕು. ಎಲ್ಲರಿಗೂ ಈ ಅನುಕೂಲ ಇಲ್ಲ. ಮಧ್ಯದ ದೇಶದ ವೀಸಾ ಬೇಕಾಗಿದ್ದು, ಅದು ಇಲ್ಲದಿದ್ದರೆ ನಿಮ್ಮನ್ನು ಬೆಂಗಳೂರಿನ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ. ಅವರ ಕಂಪ್ಯೂಟರ್‌ನಲ್ಲಿ ಟಿಮ್ಯಾಟಿಕ್ ಅಂತ ಒಂದು ವ್ಯವಸ್ಥೆ ಇದೆ. ಯಾವ ದೇಶದವರು ಎಲ್ಲಿಗೆ ಹೋಗಲು ಏನೇನು ಕಾಗದ ಬೇಕು ಅನ್ನುವುದು ಅದರಲ್ಲಿ ಇರುತ್ತದೆ. ಸರಿಯಾದ ಕಾಗದ ಇಲ್ಲದವರನ್ನು ಕರೆದುಕೊಂಡು ಹೋದರೆ ಕಂಪನಿಗೆ ದಂಡ ಬೀಳುತ್ತದೆ. ಹಾಗಾಗಿ ಅವರು ಬಗ್ಗುವುದಿಲ್ಲ.

ಗೌರಿಬಿದನೂರಿನ ಒಂದು ಕುಟುಂಬ ಇದೇ ಲೆಕ್ಕವನ್ನು ಯುರೋಪಿನ ಮೇಲೆ ಹಾಕಿತ್ತು. ಅಲ್ಲಿ ತಿಳಿದಿರಬೇಕಾದ್ದು ಒಂದೇ. ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಇದ್ದರೆ ನಿಲ್ದಾಣದ ಒಳಗೆ ಮಾತ್ರ ಇರಬಹುದು. ಲಗೇಜ್ ಎತ್ತಿಕೊಳ್ಳಲು ಹೊರಗೆ ಬರಬೇಕಾದರೆ ಪೂರ್ತಿ ಷೆಂಗನ್ ವೀಸಾ, ಅಂದರೆ ಯುರೋಪಿನ ಬಹಳ ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ, ಬೇಕು. 2025ರ ಅಕ್ಟೋಬರ್ 12ರಿಂದ ಅಲ್ಲಿನ ಗಡಿಯಲ್ಲಿ ನಮ್ಮಂಥ ಹೊರಗಿನವರ ಬೆರಳಚ್ಚು, ಮುಖದ ಫೋಟೊ ತೆಗೆದುಕೊಳ್ಳುವ ಹೊಸ ಪದ್ಧತಿ ಬೇರೆ ಶುರುವಾಗಿದೆ, ಅದಕ್ಕೂ ಹೊತ್ತು ಹಿಡಿಯುತ್ತದೆ. ಇನ್ನು ಕೆಲವು ಊರುಗಳಲ್ಲಿ ನಿಲ್ದಾಣವೇ ಎರಡಿವೆ. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ, ಡಾನ್ ಮುವಾಂಗ್. ಟೋಕಿಯೊದಲ್ಲಿ ನರಿಟಾ, ಹನೇಡಾ. ಟಿಕೆಟ್‌ನಲ್ಲಿ ಊರಿನ ಹೆಸರು ನೋಡಿ ಸುಮ್ನೆ ಆಗಬೇಡಿ, ನಿಲ್ದಾಣದ ಮೂರಕ್ಷರದ ಕೋಡ್ ನೋಡಿ.

ಆ ಮೂರಕ್ಷರ ಲಗೇಜ್ ಚೀಟಿಯ ಮೇಲೂ ಇರುತ್ತದೆ. ಕೌಂಟರ್‌ನಲ್ಲಿ ಪೆಟ್ಟಿಗೆಯ ಹಿಡಿಗೆ ಉದ್ದನೆಯ ಬಿಳಿ ಚೀಟಿ ಸುತ್ತಿ ಅಂಟಿಸುತ್ತಾರಲ್ಲ, ಅದರಲ್ಲಿ ದಪ್ಪ ಅಕ್ಷರದಲ್ಲಿ ಇರುವುದೇ ನಿಮ್ಮ ಲಗೇಜ್ ಕೊನೆಗೆ ಇಳಿಯುವ ಊರು. ಅಲ್ಲಿ ಡಿಎಕ್ಸ್‌ಬಿ ಅಂತ ಇದ್ದರೆ ದುಬೈ, ಜೆಎಫ್‌ಕೆ ಅಂತ ಇದ್ದರೆ ನ್ಯೂಯಾರ್ಕ್. ಪೆಟ್ಟಿಗೆ ಬೆಲ್ಟ್ ಮೇಲೆ ಹೋಗುವ ಮುಂಚೆ ಬಗ್ಗಿ ಒಮ್ಮೆ ಓದಿ. ಬೋರ್ಡಿಂಗ್ ಪಾಸ್‌ಗೆ ಅಂಟಿಸಿ ಕೊಡುವ ಸಣ್ಣ ತುಂಡಿನಲ್ಲೂ ಅದೇ ಇರುತ್ತದೆ. ಎರಡು ಬೇರೆ ಟಿಕೆಟ್ ಇದ್ದಾಗ ‘ಮುಂದಿನ ಊರಿಗೇ ಟ್ಯಾಗ್ ಹಾಕಿಕೊಡಿ’ ಅಂತ ಕೇಳಬಹುದು. ಎರಡು ಕಂಪನಿಗಳ ನಡುವೆ ಒಪ್ಪಂದ ಇದ್ದರೆ ಕೆಲವೊಮ್ಮೆ ಹಾಕುತ್ತಾರೆ. ಕಡಿಮೆ ದರದ ಕಂಪನಿಗಳು ಹೆಚ್ಚಾಗಿ ಹಾಕುವುದಿಲ್ಲ. ಅದನ್ನು ನಂಬಿಕೊಂಡು ಟಿಕೆಟ್ ಕೊಳ್ಳಬೇಡಿ.

ಲಗೇಜ್ ತೂಕದ್ದೂ ಒಂದು ಗೋಳು. ಅಮೆರಿಕದ ಕಡೆಗೆ ಬಹಳ ಟಿಕೆಟ್‌ಗಳಲ್ಲಿ ತಲಾ 23 ಕೆಜಿಯ ಎರಡು ಪೆಟ್ಟಿಗೆ ಬಿಡುತ್ತಾರೆ. ದುಬೈಗೆ ಹೋಗುವ ಅಗ್ಗದ ಟಿಕೆಟ್‌ನಲ್ಲಿ ಒಟ್ಟು ಇಷ್ಟೇ ಕೆಜಿ ಅಂತ ಇರುತ್ತದೆ, ಅದು 46 ಕೆಜಿಗಿಂತ ತುಂಬ ಕಡಿಮೆ. ಎರಡು ಟಿಕೆಟ್ ಇದ್ದಾಗ ಕಡಿಮೆ ಇರುವುದೇ ನಿಮ್ಮ ಮಿತಿ. ಮಿಕ್ಕಿದ್ದಕ್ಕೆ ಕೆಜಿ ಲೆಕ್ಕದಲ್ಲಿ ದುಡ್ಡು. ಉಳಿತಾಯದ ದೊಡ್ಡ ಪಾಲು ಇಲ್ಲೇ ಕರಗಿಹೋಗಬಹುದು.

ಇನ್ನೊಂದು ಮಾತು. ಇದನ್ನು ಮೇಡಂ ಅವರಿಗೆ ತಪ್ಪದೆ ಓದಿ ಹೇಳಿ. ಬಾಣಂತಿಗೆ ಅಂತ ನಮ್ಮ ಕಡೆ ಏನೆಲ್ಲ ಕಟ್ಟಿಕೊಡುತ್ತೇವೆ. ಮೆಣಸಿನ ಪುಡಿ, ಕೊಬ್ಬರಿ, ಅಂಟಿನುಂಡೆ, ಲೇಹ್ಯ. ಜೊತೆಗೆ ಪಾಯಸಕ್ಕೆ ಇರಲಿ ಅಂತ ಒಂದು ಪೊಟ್ಟಣ ಗಸಗಸೆ. ಆ ಗಸಗಸೆ ಯುಎಇಯಲ್ಲಿ ನಿಷೇಧ. ಅಫೀಮಿನ ಗಿಡದ ಬೀಜ ಅಂತ ಅವರು ಅದನ್ನು ಮಾದಕ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ, ಜೈಲು ಶಿಕ್ಷೆಯ ತನಕ ಹೋಗುವ ವಿಷಯ. ಎರಡು ಟಿಕೆಟ್‌ನಲ್ಲಿ ಹೋದರೆ ನಿಮ್ಮ ಪೆಟ್ಟಿಗೆಯನ್ನು ನೀವೇ ಎತ್ತಿಕೊಂಡು ದುಬೈ ಕಸ್ಟಮ್ಸ್ ಮುಂದೆ ನಡೆಯುತ್ತೀರಿ. ಒಂದೇ ಟಿಕೆಟ್ ಆದರೂ ಅದನ್ನು ಇಡಬೇಡಿ. ಮಸಾಲೆ ಪುಡಿಯಲ್ಲಿ ಬೆರೆಸಿದ್ದರೂ ಬೇಡ. ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಲ್ಲಿ ಕೆಲವಕ್ಕೂ ಅಲ್ಲಿ ಕಟ್ಟುನಿಟ್ಟು ಇದೆ. ಡಾಕ್ಟರ ಚೀಟಿ ಜೊತೆಯಲ್ಲಿರಲಿ, ಯಾವುದಕ್ಕೆ ಅನುಮತಿ ಬೇಕು ಅಂತ ಮೊದಲೇ ವಿಚಾರಿಸಿ.

ಹಾಗಾದರೆ ಎರಡು ಟಿಕೆಟ್ ಯಾವಾಗಲೂ ತಪ್ಪಾ? ಹಾಗಲ್ಲ. ನಾನೇ ಮಾಡಿಕೊಟ್ಟಿದ್ದೇನೆ. ಮುಖ್ಯ ಏನೆಂದರೆ, ತಪ್ಪಿದರೆ ಯಾವ ಟಿಕೆಟ್ ಹೋಗುತ್ತದೆ ಅಂತ ನೋಡಬೇಕು. ನೀವು ಹೋಗುವಾಗ ತಪ್ಪುವುದು ದುಬಾರಿ ಟಿಕೆಟ್, ವಾಪಸ್ ಸೀಟೂ ಅದರ ಜೊತೆ. ಬರುವಾಗ ಉಲ್ಟಾ. ನ್ಯೂಯಾರ್ಕ್‌ನಿಂದ ದುಬೈಗೆ ಬಂದಾಗಿರುತ್ತದೆ, ತಪ್ಪುವುದು ದುಬೈ–ಬೆಂಗಳೂರಿನ ನಾಲ್ಕು ಗಂಟೆಯ ಅಗ್ಗದ ಟಿಕೆಟ್. ದಿನಕ್ಕೆ ಹಲವು ವಿಮಾನ ಇವೆ, ಇನ್ನೊಂದು ಕೊಂಡು ಬರಬಹುದು. ಅದು ತಡೆದುಕೊಳ್ಳುವ ನಷ್ಟ.

ಎಷ್ಟು ಬಿಡುವು ಇಡಬೇಕು ಅಂದರೆ ನನ್ನ ಅಳತೆ ಹೀಗಿದೆ. ಬರೀ ಕೈಚೀಲ, ಬೋರ್ಡಿಂಗ್ ಪಾಸ್ ಮೊಬೈಲ್‌ನಲ್ಲಿ ಮೊದಲೇ ಬಂದಿದೆ, ಹೊರಗೆ ಹೋಗಬೇಕಿಲ್ಲ ಅಂದರೆ ನಾಲ್ಕು ಗಂಟೆ. ಲಗೇಜ್ ಎತ್ತಿಕೊಂಡು ಮತ್ತೆ ಕೊಡಬೇಕು ಅಂದರೆ ಆರಕ್ಕಿಂತ ಕಡಿಮೆ ಬೇಡ. ಎರಡನೆಯದು ದುಬಾರಿ ಟಿಕೆಟ್, ಚಳಿಗಾಲ, ಜೊತೆಗೆ ವಯಸ್ಸಾದವರು ಅಂದರೆ ಒಂದು ರಾತ್ರಿ ಪೂರ್ತಿ. ನಿಮಗೆ ಎರಡೇ ಟಿಕೆಟ್ ಮಾಡಬೇಕು ಅಂತಿದ್ದರೆ ಹಿಂದಿನ ದಿನ ದುಬೈಗೆ ಹೋಗಿ. ಹೋಟೆಲ್‌ನಲ್ಲಿ ಕಾಲು ಚಾಚಿ ಮಲಗಿ, ಮರುದಿನ ರಾತ್ರಿ ನೆಮ್ಮದಿಯಾಗಿ ಹತ್ತಿ. ನ್ಯೂಯಾರ್ಕ್ ತನಕ ಹದಿನಾಲ್ಕು ಗಂಟೆ ಕೂರಬೇಕಾದ ಮಂಡಿಗಳಿಗೂ ಅದು ಒಳ್ಳೆಯದು. ಹೋಟೆಲ್, ವೀಸಾ, ಟ್ಯಾಕ್ಸಿ ಖರ್ಚು ಕಳೆದ ಮೇಲೆ 46 ಸಾವಿರದಲ್ಲಿ ಎಷ್ಟು ಉಳಿಯಿತು ಅಂತ ಅಳಿಯಂದಿರು ಕೂಡಿಸಿ ನೋಡಲಿ.

ಗಾಲಿಕುರ್ಚಿ ಬೇಕಿದ್ದರೆ ಎರಡೂ ಕಂಪನಿಗೆ ಬೇರೆ ಬೇರೆಯಾಗಿ ಹೇಳಬೇಕು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಇದೆ ಅಂತ ಧೈರ್ಯ ಮಾಡುವವರೂ ಇದ್ದಾರೆ. ಕನೆಕ್ಷನ್ ತಪ್ಪಿದ್ದಕ್ಕೆ ದುಡ್ಡು ಕೊಡುತ್ತೇವೆ ಅಂತ ಬರೆದಿರುತ್ತದೆ, ಕೆಳಗೆ ಎಷ್ಟು ಗಂಟೆ ತಡವಾಗಿರಬೇಕು, ಮಧ್ಯೆ ಎಷ್ಟು ಬಿಡುವು ಇಟ್ಟಿರಬೇಕು ಅನ್ನುವ ಷರತ್ತೂ ಇರುತ್ತದೆ. ಬೇರೆ ಬೇರೆ ಟಿಕೆಟ್‌ಗೆ ಕೊಡುವುದಿಲ್ಲ ಅನ್ನುವ ಪಾಲಿಸಿಗಳೂ ಇವೆ. ಆ ಭಾಗವನ್ನು ಓದಿಯೇ ಕೊಳ್ಳಿ.

ಈಗಾಗಲೇ ಇಂಥ ಟಿಕೆಟ್ ಕೊಂಡು ಕೂತವರಿಗೆ ಒಂದು ಮಾತು. ಮೊದಲ ವಿಮಾನ ತಡ ಅಂತ ಬೆಂಗಳೂರಿನಲ್ಲೇ ಗೊತ್ತಾದರೆ ಆ ಕ್ಷಣವೇ ಎರಡನೆಯ ಕಂಪನಿಗೆ ಫೋನ್ ಮಾಡಿ. ಆ ವಿಮಾನ ಹೊರಡುವ ಮುಂಚೆ ದಿನ ಬದಲಿಸಿಕೊಂಡರೆ ಬದಲಾವಣೆಯ ಶುಲ್ಕ, ದರದ ವ್ಯತ್ಯಾಸ ಅಷ್ಟರಲ್ಲೇ ಮುಗಿಯಬಹುದು. ಹೊರಟ ಮೇಲೆ ಫೋನ್ ಮಾಡಿದರೆ ನೋ-ಶೋ. ಈ ಒಂದು ಫೋನ್ ಮಾಡದೆ ದುಡ್ಡು ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ‘ಹೋಗಿ ನೋಡೋಣ, ಸಿಕ್ಕರೂ ಸಿಗಬಹುದು’ ಅಂತ ವಿಮಾನ ಹತ್ತಿಬಿಡುತ್ತಾರೆ. ಮೊದಲ ಕಂಪನಿಯಿಂದ ಇಷ್ಟು ಹೊತ್ತು ತಡವಾಯಿತು ಅಂತ ಬರೆಸಿಕೊಳ್ಳಿ. ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಇನ್ಶೂರೆನ್ಸ್‌ನವರು ಇವೆರಡನ್ನೂ ಕೇಳುತ್ತಾರೆ.

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಒಂದೇ ಟಿಕೆಟ್. ಆದರೆ ಅದು ನಿಜವಾಗಿ ಒಂದೇ ಅಂತ ಹೇಗೆ ತಿಳಿಯುವುದು? ವೆಬ್‌ಸೈಟಿನವರು ಕೊಡುವ ಬುಕಿಂಗ್ ನಂಬರ್ ನಂಬಬೇಡಿ. ಎರಡು ಬೇರೆ ಟಿಕೆಟ್‌ಗಳನ್ನು ಸೇರಿಸಿ ಒಂದೇ ಬುಕಿಂಗ್ ನಂಬರ್ ಕೊಡುವವರಿದ್ದಾರೆ. ದುಡ್ಡು ಕಟ್ಟಿ ಟಿಕೆಟ್ ಕೈಗೆ ಬಂದ ತಕ್ಷಣ ಪ್ರಿಂಟ್ ತೆಗೆದು ಇ-ಟಿಕೆಟ್ ನಂಬರ್ ಹುಡುಕಿ. 13 ಅಂಕಿ ಇರುತ್ತದೆ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯದು, ಏರ್ ಇಂಡಿಯಾ ಆದರೆ 098, ಎಮಿರೇಟ್ಸ್ ಆದರೆ 176. ಒಂದು ಟಿಕೆಟ್ ನಂಬರ್‌ನಲ್ಲಿ ನಾಲ್ಕು ಪ್ರಯಾಣದ ತನಕ ಹಿಡಿಸುತ್ತದೆ. ನಿಮ್ಮದು ಸರಿಯಾಗಿ ನಾಲ್ಕು: ಬೆಂಗಳೂರು–ದುಬೈ, ದುಬೈ–ನ್ಯೂಯಾರ್ಕ್, ಮತ್ತೆ ಅವೇ ಎರಡು ವಾಪಸ್. ನಿಮ್ಮ ಹೆಸರಿನ ಎದುರು ಒಂದು ನಂಬರ್, ಮೇಡಂ ಹೆಸರಿನ ಎದುರು ಇನ್ನೊಂದು. ನಾಲ್ಕೂ ಪ್ರಯಾಣಕ್ಕೆ ಅದೇ ನಂಬರ್ ಇದೆಯಾ ಅಂತ ಬೆರಳಿಟ್ಟು ನೋಡಿ. ಇದ್ದರೆ ಪೆಟ್ಟಿಗೆ ಕಟ್ಟಲು ಶುರು ಮಾಡಿ. ಬೇರೆ ಕಂಡರೆ ತಡಮಾಡದೆ ಆ ಕಾಗದ ಹಿಡಿದು ನನ್ನ ಆಫೀಸಿಗೆ ಬನ್ನಿ.